ಕೋಣನ ಮುಂದೆ ಹೈ-ರೆಸ್ ಕಿನ್ನರಿ

ನನ್ನ ಗೆಳೆಯ ಒಬ್ಬ ಇದಾನೆ, ಹೆಸರು ಬೇಡ ಬಿಡಿ, ಹೇಳಿದ್ರೆ ನಾಳೆಯಿಂದ ಅವನ ಹೆಡ್‌ಫೋನ್ ಮುಟ್ಟೋಕೂ ಬಿಡಲ್ಲ. ಹೋದ ತಿಂಗಳು ಪೋರ್ಟಬಲ್ ಡಿಸ್ಕ್ ಪ್ಲೇಯರ್ ತಗೊಂಡ. ಪೋರ್ಟಬಲ್ ಅಂದ್ರೆ ಹೊತ್ಕೊಂಡು ಓಡಾಡೋದು ಅಂತ ನಾನು ತಿಳ್ಕೊಂಡಿದ್ದೆ, ತಪ್ಪು. ಟೇಬಲ್ ಮೇಲೆ ಮಟ್ಟಸವಾಗಿ ಇಟ್ಟು, ಕೆಳಗೆ ರಬ್ಬರ್ ಮ್ಯಾಟ್ ಹಾಸಿ, ಪಕ್ಕದಲ್ಲಿ ಯಾರೂ ಧಡಧಡ ನಡೀಬಾರ್ದು ಅಂತ ಮನೇವ್ರಿಗೆಲ್ಲಾ ವಾರ್ನಿಂಗ್ ಕೊಟ್ಟು, ಚಾರ್ಜರಿಗೆ ಸಿಕ್ಕಿಸಿ ಕೂತು ಕೇಳೋದಕ್ಕೆ ಪೋರ್ಟಬಲ್ ಅಂತಾರಂತೆ.

ಇದಕ್ಕೆಲ್ಲ ಕಾರಣ ಪ್ಲೇಯರ್ ಪಕ್ಕದಲ್ಲಿರೋ ಒಂದು ಪುಟಾಣಿ ಸ್ವಿಚ್, ಇಎಸ್‌ಪಿ ಅಂತ. ಪ್ಲೇಯರ್ ಅಲ್ಲಾಡಿದ್ರೆ ಲೇಸರ್ ದಾರಿ ತಪ್ಪುತ್ತೆ, ಹಾಡು ಎಗರುತ್ತೆ, ಹಾಗಾಗ್ದೇ ಇರ್ಲಿ ಅಂತ ಮುಂದಿನ ಕೆಲವು ಸೆಕೆಂಡಿನ ಹಾಡನ್ನ ಮೊದಲೇ ಓದಿ ಮೆಮೊರೀಲಿ ಕೂಡಿಟ್ಕೊಳ್ಳೋ ಏರ್ಪಾಡು ಅದು. ಒಳ್ಳೇದೇ ಅಲ್ವಾ ಅಂತೀರಿ, ಅಲ್ಲ. ಹಳೇ ಕಾಲದ ಎಷ್ಟೋ ಪ್ಲೇಯರುಗಳಲ್ಲಿ ಮೆಮೊರಿ ಚಿಕ್ಕದು ಅಂತ ಸೌಂಡನ್ನ ಹಿಂಡಿ ಸಣ್ಣದು ಮಾಡಿ ಅದರೊಳಗೆ ತುರುಕ್ತಿದ್ರು, ಹಿಂಡುವಾಗ ಸ್ವಲ್ಪ ಸೌಂಡ್ ಸೋರಿ ಹೋಗ್ತಿತ್ತು. ಈಗ ಮೆಮೊರಿ ಬಿಟ್ಟಿ ಸಿಗುತ್ತೆ ಮಾರಾಯ, ಇದ್ರಲ್ಲಿ ಹಾಗಿರ್ಲಿಕ್ಕಿಲ್ಲ ಅಂದೆ. 'ಇರ್ಲಿಕ್ಕಿಲ್ಲ ಅನ್ನೋ ನಂಬಿಕೆ ಮೇಲೆ ನನ್ನ ಕಿವಿ ಅಡ ಇಡಲ್ಲ' ಅಂದ. ಸ್ವಿಚ್ ಆಫ್. ಸತ್ರೂ ಆಫ್.

ಒಂದು ದಿನ ಇವನ ಜೊತೆ ವಾಕಿಂಗ್ ಹೋದೆ. ಪ್ಲೇಯರ್ ಎರಡೂ ಕೈಯಲ್ಲಿ, ಎದೆ ಎತ್ತರಕ್ಕೆ, ಚೂರೂ ವಾಲದ ಹಾಗೆ. ತುಂಬಿದ ಕೊಡ ತುಳುಕೋದಿಲ್ಲ ಅನ್ನೋ ಗಾದೆ ಕೇಳಿದ್ದೆ, ಅವತ್ತು ಕಣ್ಣಾರೆ ನೋಡಿದೆ. ತಿರುವು ಬಂದ್ರೆ ಸ್ಪೀಡ್ ಕಮ್ಮಿ ಮಾಡ್ತಾನೆ, ಹಂಪ್ ಬಂದ್ರೆ ಪಾಸ್ ಒತ್ತಿ ನಿಂತು, ಇಳಿದು, ಆಮೇಲೆ ಪ್ಲೇ ಒತ್ತುತ್ತಾನೆ. ಜೇಬಲ್ಲಿ ಇಟ್ಕೊಳೋ ಅಂದ್ರೆ ಎಲ್ಲಿ ಇಟ್ಕೊಳೋದು, ಡಿಸ್ಕೇ 120 ಮಿಲಿಮೀಟರ್ ಅಗಲ, ಅದಕ್ಕೆ ಹೊಲಿಸಿದ ಜೇಬು ಇನ್ನೂ ಯಾವ ಪ್ಯಾಂಟಿಗೂ ಬಂದಿಲ್ಲ. 1984ರಲ್ಲಿ ಸೋನಿಯವ್ರು ಡಿ-50 ಅಂತ ಮೊದಲ ಪೋರ್ಟಬಲ್ ಸಿಡಿ ಪ್ಲೇಯರ್ ತಂದಾಗ್ಲೂ ಇದೇ ಕಥೆ, ಬ್ಯಾಟರಿ ಬೇಕು ಅಂದ್ರೆ ಬೇರೆ ಕೇಸಿನಲ್ಲಿ ತುಂಬಿ ಹೆಗಲಿಗೆ ನೇತಾಕ್ಕೋಬೇಕಿತ್ತು. ಅವ್ರಿಗೆ ಬೇರೆ ದಾರಿ ಇರ್ಲಿಲ್ಲ. ಇವನ ಜೇಬಲ್ಲಿ ಫೋನ್ ಇದೆ, ಅದರೊಳಗೆ ಇದೇ ಆಲ್ಬಮ್ಮೂ ಇದೆ.

ಇರ್ಲಿ, ಹೈ-ರೆಸ್ ಅಲ್ವಾ, ಅಂದ್ರೆ ಮಾಮೂಲಿ ಸಿಡಿಗಿಂತ ಸೂಕ್ಷ್ಮವಾಗಿ ಹಿಡಿದಿಟ್ಟ ಸೌಂಡು, ಸ್ವಲ್ಪ ಕಷ್ಟ ಪಡ್ಲಿ ಅಂದ್ಕೊಳ್ಳೋಣ. ಮುಚ್ಚಳದ ಮೇಲೆ ಹೈ-ರೆಸ್ ಅನ್ನೋ ಚಿನ್ನದ ಬಣ್ಣದ ಸ್ಟಿಕ್ಕರ್ ಬೇರೆ ಇದೆ. ಅದಕ್ಕೆ ತಕ್ಕಂತೆ ಇವನು ಕೊಂಡಿದ್ದು ಮಾಮೂಲಿ ಸಿಡಿ ಅಲ್ಲ, ಎಸ್‌ಎಸಿಡಿ, ಅಂದ್ರೆ ಸೂಪರ್ ಆಡಿಯೋ ಸಿಡಿ. ಸೋನಿ ಮತ್ತೆ ಫಿಲಿಪ್ಸ್ ಸೇರಿ 1999ರಲ್ಲಿ ತಂದಿದ್ದು. ಮಾಮೂಲಿ ಸಿಡಿ ಸೆಕೆಂಡಿಗೆ 44,100 ಸಲ ಸೌಂಡನ್ನ ಅಳೆದ್ರೆ ಇದು 28,22,400 ಸಲ ಅಳೆಯುತ್ತೆ, ಒಂದೊಂದು ಸಲಕ್ಕೂ ಒಂದೇ ಬಿಟ್ ಅನ್ನೋದು ಬೇರೆ ಮಾತು. ಇವನ ಡಿಸ್ಕ್ ಹೈಬ್ರಿಡ್, ಅಂದ್ರೆ ಒಂದೇ ಡಿಸ್ಕಲ್ಲಿ ಎರಡು ಪದರ, ಒಂದರಲ್ಲಿ ಹೈ-ರೆಸ್, ಇನ್ನೊಂದರಲ್ಲಿ ಮಾಮೂಲಿ ಸಿಡಿ. ಹೈ-ರೆಸ್ ಪದರ ಓದೋಕೆ 650 ನ್ಯಾನೋಮೀಟರ್ ಲೇಸರ್ ಬೇಕು. ಸಿಡಿ ಲೇಸರ್ 780 ನ್ಯಾನೋಮೀಟರಿಂದು, ಅದಕ್ಕೆ ಹೈ-ರೆಸ್ ಪದರ ಕಿಟಕಿ ಗಾಜಿದ್ದ ಹಾಗೆ, ಅಲ್ಲೊಂದು ಪದರ ಇದೆ ಅಂತಾನೂ ಗೊತ್ತಾಗ್ದೆ ತೂರ್ಕೊಂಡು ಹಿಂದಿನ ಸಿಡಿ ಪದರಕ್ಕೆ ಹೋಗ್ಬಿಡುತ್ತೆ.

ಇವನ ಪ್ಲೇಯರಲ್ಲಿರೋದು ಯಾವ ಲೇಸರ್ ಅಂತ ಕೇಳ್ದೆ. ಮ್ಯಾನ್ಯುಯಲ್ ತೆಗೆದ. ಓದಿದ. ಮಡಚಿ ಒಳಗಿಟ್ಟ.

ಅಲ್ಲಾ, ಯಾವುದಕ್ಕೆ ಜಾಸ್ತಿ ದುಡ್ಡು ಕೊಟ್ನೋ ಕರೆಕ್ಟಾಗಿ ಅದನ್ನೇ ಆರಪಾರ ದಾಟ್ಕೊಂಡು ಹೋಗೋ ಮಷೀನು! ಮತ್ತೆ ಆ ಸ್ಟಿಕ್ಕರ್ ಯಾಕೆ ಅಂದ್ರೆ, ಪ್ಲೇಯರನ್ನ ಯುಎಸ್‌ಬಿ ವೈರಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಫೈಲ್ ಪ್ಲೇ ಮಾಡಿದ್ರೆ ಆಗ ಹೈ-ರೆಸ್ ಅಂತೆ. ಅಂದ್ರೆ ಈ ಹೈ-ರೆಸ್ ಡಿಸ್ಕ್ ಪ್ಲೇಯರ್ ಹೈ-ರೆಸ್ ಆಗ್ಬೇಕು ಅಂದ್ರೆ ಡಿಸ್ಕ್ ಹಾಕ್ಬಾರ್ದು.

ಇಷ್ಟಕ್ಕೇ ನಿಂತ್ರೆ ಪುಣ್ಯ. ವೈರ್ ಕಾಲಿಗೆ ಸಿಕ್ಕಾಕ್ಕೊಳ್ಳುತ್ತೆ ಅಂತ ಒಂದೊಂದು ಸಲ ಬ್ಲೂಟೂತ್ ಹಾಕ್ತಾನೆ. ಸಿಡಿಯಿಂದ ಸೆಕೆಂಡಿಗೆ 1,411 ಕಿಲೋಬಿಟ್ ಹೊರಡುತ್ತೆ, ಬ್ಲೂಟೂತಲ್ಲಿ ಸೌಂಡ್ ಹಿಂಡಿ ಕಳ್ಸೋ ಪದ್ಧತಿಗಳಲ್ಲಿ ಹೆಸರುವಾಸಿಯಾದ ಎಲ್‌ಡಿಎಸಿ ಕೂಡ ಎಳೆಯೋದು ಹೆಚ್ಚಂದ್ರೆ 990. ಇಎಸ್‌ಪಿ ಸೌಂಡ್ ಹಿಂಡುತ್ತೆ ಅಂತ ಅದನ್ನ ಮುಟ್ಟದ ಮಡಿವಂತ, ಬ್ಲೂಟೂತ್ ಹಿಂಡಿದ್ರೆ ಮಾತ್ರ ಕಣ್ಮುಚ್ಕೊಂಡು ತಲೆ ಆಡಿಸ್ತಾನೆ. ಯಾಕೋ ಅಂತ ಕೇಳಿದ್ರೆ 'ಸೋರ್ಸ್ ಮುಖ್ಯ ಗುರು' ಅಂತಾನೆ.

ಕಿವಿ ಅನ್ನೋದೂ ಒಂದು ಪಾರ್ಟು ಈ ಸಿಸ್ಟಮ್ಮಲ್ಲಿ, ಆದ್ರೆ ಅದರ ಸ್ಪೆಕ್ ಯಾರೂ ಕೇಳಲ್ಲ. ಎಳೇ ವಯಸ್ಸಿನ ಒಳ್ಳೇ ಕಿವಿಗೆ 20 ಕಿಲೋಹರ್ಟ್ಜ್, ಅಂದ್ರೆ ಸೆಕೆಂಡಿಗೆ 20 ಸಾವಿರ ಸಲ ಕಂಪಿಸೋ ಕೀರಲು ಸದ್ದಿನ ತನಕ ಕೇಳುತ್ತೆ, ವಯಸ್ಸಾದ ಹಾಗೆ ಮೇಲಿಂದ ಒಂದೊಂದೇ ಮೆಟ್ಲು ಕಳಚಿ ಬೀಳುತ್ತೆ. ಆ ಚಿನ್ನದ ಸ್ಟಿಕ್ಕರ್ ಬೇಕು ಅಂದ್ರೆ ಹೆಡ್‌ಫೋನು, ಆಂಪ್ಲಿಫೈಯರ್ ಎಲ್ಲ 40 ಕಿಲೋಹರ್ಟ್ಜ್ ಮುಟ್ಟಬೇಕು. ಇವನ ಮನೇಲಿ ಕೂತು ನಾವಿಬ್ರೂ ಫೋನಲ್ಲಿ ಟೋನ್ ಹಾಕಿ ನೋಡಿದ್ವಿ. ನಾನು 13ಕ್ಕೆ ಔಟು. ಅವನು 'ಇನ್ನೂ ಕೇಳ್ತಿದೆ, ಇನ್ನೂ ಕೇಳ್ತಿದೆ' ಅಂತಿದ್ದ, ಟೋನ್ ನಿಲ್ಸಿ ಆಗ್ಲೇ ಸ್ವಲ್ಪ ಹೊತ್ತಾಗಿತ್ತು. ನಿಯತ್ತಾಗಿ ತಲೆ ಎತ್ತಿ ನೋಡಿದ್ದು ಅಂದ್ರೆ ಅವನ ಮನೆ ಬೆಕ್ಕು. ಬೆಕ್ಕಿಗೆ 60 ಕಿಲೋಹರ್ಟ್ಜ್ ದಾಟಿದ್ದೂ ಕೇಳುತ್ತೆ, ಹೈ-ರೆಸ್ ಕಂಪನಿಗಳಿಗೆ ಅಸಲಿ ಗಿರಾಕಿ ಅದೇ, ಪಾಪ ದುಡ್ಡಿಲ್ಲ.

ಇದನ್ನ ಪರೀಕ್ಷೆ ಮಾಡಿ ನೋಡಿಲ್ವಾ ಅಂದ್ರೆ ಮಾಡಿದ್ದಾರೆ. 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಜರ್ನಲ್‌ನಲ್ಲಿ ಬಂದಿತ್ತು, ಹೈ-ರೆಸ್ ಡಿಸ್ಕಿನ ಸೌಂಡನ್ನೂ, ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಯಾವುದು ಯಾವುದು ಅಂತ ಹೇಳದೆ ಕೇಳಿಸಿದ್ರು, 554 ಸಲ. ನಾಣ್ಯ ಚಿಮ್ಮಿದ್ರೆ ಎಷ್ಟು ಸರಿ ಬರುತ್ತೋ ಅಷ್ಟೇ ಬಂತು. 2016ರಲ್ಲಿ ಇಂಥ 18 ಪ್ರಯೋಗ ಒಟ್ಟು ಹಾಕಿ ನೋಡಿದಾಗ ಸರಿ ಉತ್ತರ 52.3 ಪರ್ಸೆಂಟ್. ಹೌದು ಸ್ವಾಮಿ, ಲೆಕ್ಕದ ಪ್ರಕಾರ ವ್ಯತ್ಯಾಸ ಇದೆ, ಒಪ್ಕೊಂಡೆ. ನಾನಿದನ್ನ ಹೇಳಿದ ದಿನದಿಂದ ಗೆಳೆಯ ಆ 52.3ನ್ನ ಮಗು ರ‍್ಯಾಂಕ್ ಬಂದ ಹಾಗೆ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದಾನೆ.

ಮೊನ್ನೆ ಭಾನುವಾರ ಮನೆಗೆ ಕರೆದ, ಬಾ ನಿಂಗೆ ನಿಜವಾದ ಸೌಂಡ್ ಕೇಳಿಸ್ತೀನಿ ಅಂತ. ಫ್ಯಾನ್ ಆಫ್, ಕಿಟಕಿ ಬಂದ್, ಫೋನ್ ಪಕ್ಕದ ರೂಮಲ್ಲಿ. ರೂಮ್ ಎಷ್ಟು ನಿಶ್ಶಬ್ದ ಅಂದ್ರೆ ಡಿಸ್ಕ್ ತಿರುಗೋ ಸದ್ದೇ ಕೇಳ್ತಿತ್ತು, ಮೊದಲ ಹಾಡಲ್ಲಿ ನಿಮಿಷಕ್ಕೆ 500 ಸುತ್ತಿನ ಸುಮಾರಲ್ಲಿ ಶುರುವಾಗೋ ಡಿಸ್ಕು ಅಂಚಿನ ಕಡೆ ಹೋದ ಹಾಗೆ 200ಕ್ಕೆ ಇಳಿಯುತ್ತೆ ನೋಡಿ, ಆ ಗೊರ್ ಅನ್ನೋದು ನಿಧಾನಕ್ಕೆ ತಗ್ಗುತ್ತಾ ಬರುತ್ತೆ, ನಿಜ ಹೇಳ್ಬೇಕು ಅಂದ್ರೆ ನಂಗೆ ಹಾಡಿಗಿಂತ ಅದೇ ಹಿತವಾಗಿತ್ತು. ಮುಕ್ಕಾಲು ಗಂಟೆ ಅವನ ಕಾಮೆಂಟರಿ, ಆ ತಂತಿ ಮೀಟಿದ ಮೇಲೆ ಗಾಳೀಲಿ ಕರಗೋದು ನೋಡು, ಗಾಯಕಿ ಉಸಿರು ತಗೊಂಡಿದ್ದು ಕೇಳ್ತಾ, ಇದೆಲ್ಲ ಹಿಂಡಿದ ಸೌಂಡಲ್ಲಿ ಬರಲ್ಲ ಗುರು.

ಡಿಸ್ಕ್ ಮುಗೀತು. ಬೆಕ್ಕು ಟೇಬಲ್ ಮೇಲೆ ಹಾರಿ ಮುಚ್ಚಳದ ಗಾಜೊಳಗೆ ಇಣುಕ್ತು, ಅದನ್ನ ಓಡಿಸೋಕೆ ಅಂತ ಪ್ಲೇಯರ್ ಎತ್ತಿಕೊಂಡವನು ಹಾಗೇ ನಿಂತ. ಇಎಸ್‌ಪಿ ಆನ್ ಇತ್ತು. ಹಿಂದಿನ ದಿನ ಬಸ್ಸಲ್ಲಿ ಹಾಕಿದ್ದು, ಮರೆತುಬಿಟ್ಟಿದ್ದ. ನಾನು ಗೋಡೆ ನೋಡ್ದೆ. ಅವನು ಒಂದು ಮಾತೂ ಆಡ್ಲಿಲ್ಲ, ಉಗುರಲ್ಲಿ ಸ್ವಿಚ್ ಆಫ್ ಮಾಡಿ, ಮೊದಲನೇ ಹಾಡು ಹಾಕಿ, ಹೆಡ್‌ಫೋನ್ ನನ್ನ ತಲೆಗೆ ಸಿಕ್ಕಿಸಿ, 'ಈಗ ಕೇಳು' ಅಂದ. ಬೆಕ್ಕು ವಾಪಸ್ ಟೇಬಲ್‌ಗೆ ಹಾರ್ತು, ಹಾಡು ನಾಲ್ಕನೇ ಸಾಲಿಗೆ ಹಾರ್ತು.