ಡಾಕ್ಟರ ಮುಂದೆ ನಾಲ್ಕು ನಿಮಿಷ

“‘ಗುಣವಾಗಿದೆ’ ಅಂತ ಒಂದು ಮಾತು ಬರೆದುಕೊಡಿ ಡಾಕ್ಟರೇ” ಎಂದು ನಮ್ಮ ಯಜಮಾನರು ನನ್ನ ಕಳೆದ ಕ್ಯಾನ್ಸರ್ ಚೆಕಪ್‌ನಲ್ಲಿ ಕೇಳಿಯೇಬಿಟ್ಟರು. ವರ್ಷಗಳಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಆಸೆ. ಡಾಕ್ಟರು ನಕ್ಕು, ಪ್ರತಿ ಸಲ ಬರೆಯುವ ಮೂರೇ ಅಕ್ಷರ ಬರೆದರು: ಎನ್‌ಇಡಿ. ರೋಗದ ಸುಳಿವಿಲ್ಲ ಎಂದು ಅದರ ಅರ್ಥ. ರೋಗವಿಲ್ಲ ಎಂದಲ್ಲ, ಸುಳಿವಿಲ್ಲ ಎಂದು. ಮೂವತ್ತು ವರ್ಷ ಮಕ್ಕಳ ವ್ಯಾಕರಣ ತಿದ್ದಿದ ನನಗೆ ಆ ವ್ಯತ್ಯಾಸ ಮೊದಲ ಸಲವೇ ಕಣ್ಣಿಗೆ ಬಿದ್ದಿತ್ತು. ಯಜಮಾನರಿಗೆ ಈಗ ಬಿತ್ತು. ಬೆಂಗಳೂರಿನಿಂದ ಅರಸೀಕೆರೆಗೆ ಮರಳುವ ರೈಲಿನಲ್ಲಿ ತುಮಕೂರು ದಾಟುವ ತನಕ ಮಾತೇ ಆಡಲಿಲ್ಲ.

ನನಗೆ ಎಡ ಸ್ತನದಲ್ಲಿ ಗಂಟು ಸಿಕ್ಕಿದ್ದು 2019ರಲ್ಲಿ. ಆಪರೇಷನ್, ಎಂಟು ಕೀಮೊ, ಹದಿನೈದು ದಿನ ರೇಡಿಯೇಷನ್. ನಮ್ಮ ಕಡೆ ಅದಕ್ಕೆ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. 2020ರ ಫೆಬ್ರವರಿಯಲ್ಲಿ ಎಲ್ಲ ಮುಗಿಯಿತು, ಮನೆಯಲ್ಲಿ ಹೋಳಿಗೆ ಆಯಿತು. ಮುಗಿದ ಮೇಲೆ ಶುರುವಾಗುವ ಇನ್ನೊಂದು ಲೆಕ್ಕವಿದೆ ಎಂದು ಆಗ ಯಾರೂ ಗಮನಕೊಡಲಿಲ್ಲ. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ನಂತರದ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರಿಗೆ ಮುಖ ತೋರಿಸಬೇಕು. ವರ್ಷಕ್ಕೊಂದು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ. ನನ್ನದು ಹಾರ್ಮೋನಿಗೆ ಸ್ಪಂದಿಸುವ ಜಾತಿಯ ಗಡ್ಡೆಯಾದ್ದರಿಂದ ದಿನಕ್ಕೊಂದು ಮಾತ್ರೆ ಬೇರೆ. ಈ ಜಾತಿಯದು ಐದು ವರ್ಷ ಸುಮ್ಮನಿದ್ದು, ಹತ್ತು ಹದಿನೈದು ವರ್ಷಗಳ ಮೇಲೂ ತಲೆಯೆತ್ತುವುದುಂಟು. ಐದು ವರ್ಷ ತುಂಬಿತು, ಗೆದ್ದೆವು ಎಂದು ಫೈಲನ್ನು ಅಟ್ಟಕ್ಕೆ ಹಾಕುವ ಹಾಗಿಲ್ಲ.

ನಮ್ಮಲ್ಲಿ ಈ ವಿಷಯಕ್ಕೆ ಎರಡೇ ಪಕ್ಷ. ಒಂದು, ನನ್ನ ಅತ್ತಿಗೆಯದು: “ಚೆನ್ನಾಗಿದ್ದೀಯಲ್ಲ, ಮಲಗಿದ ಹಾವನ್ನು ಯಾಕೆ ಕೆಣಕುತ್ತೀ?” ಇನ್ನೊಂದು, ಪುಣೆಯಲ್ಲಿರುವ ನನ್ನ ಮಗನದು: “ಅಮ್ಮ, ಆರು ತಿಂಗಳಿಗೊಂದು ಪೆಟ್ ಸ್ಕ್ಯಾನ್ ಮಾಡಿಸಿಬಿಡೋಣ, ದುಡ್ಡು ನಾನು ಕಳಿಸುತ್ತೇನೆ.” ಅವನ ಪ್ರೀತಿ ಅದು, ಗೊತ್ತು. ಆದರೆ ಡಾಕ್ಟರು ಖಂಡಿತ ಬೇಡ ಎಂದರು. ಬೇನೆಯ ಲಕ್ಷಣವೇ ಇಲ್ಲದವರಿಗೆ ಮೈಯೆಲ್ಲ ಹುಡುಕಿಸಿದರೆ ಆಯುಷ್ಯ ಹೆಚ್ಚುತ್ತದೆಯೇ ಎಂದು ಇಟಲಿಯಲ್ಲಿ ಎರಡು ದೊಡ್ಡ ಪ್ರಯೋಗಗಳು ನಡೆದಿದ್ದವಂತೆ. 1994ರಲ್ಲಿ ಫಲಿತಾಂಶ ಬಂತು. ಒಂದೊಂದರಲ್ಲೂ ಸಾವಿರಕ್ಕೂ ಮೇಲ್ಪಟ್ಟು ಹೆಂಗಸರು. ಮೂಳೆಯ ಸ್ಕ್ಯಾನ್, ಎದೆಯ ಎಕ್ಸ್‌ರೇ ಎಂದು ಪದೇ ಪದೇ ಮಾಡಿಸಿಕೊಂಡವರೂ, ಡಾಕ್ಟರಿಗೆ ತೋರಿಸಿ ಮ್ಯಾಮೊಗ್ರಾಮ್ ಮಾಡಿಸಿಕೊಂಡವರೂ ಬದುಕಿದ್ದು ಹೆಚ್ಚುಕಡಿಮೆ ಅಷ್ಟೇ ಕಾಲ. ಆಗ ಪೆಟ್ ಸ್ಕ್ಯಾನ್ ಇಷ್ಟು ಬಳಕೆಗೆ ಬಂದಿರಲಿಲ್ಲ, ನಿಜ. ಆದರೂ ಲಕ್ಷಣವಿಲ್ಲದ ಸ್ತನ ಕ್ಯಾನ್ಸರ್‌ನವರಿಗೆ ಅದನ್ನು ರೂಢಿಯಂತೆ ಮಾಡಿಸಿ ಎಂದು ಇಂದಿಗೂ ಮಾರ್ಗಸೂಚಿಗಳು ಹೇಳುವುದಿಲ್ಲ. ಮೂಳೆಗೋ ಯಕೃತ್ತಿಗೋ ಹರಡಿದ್ದನ್ನು ನಾಲ್ಕು ತಿಂಗಳು ಮೊದಲು ಕಂಡುಹಿಡಿದರೆ, ಭಯಪಡುವ ನಾಲ್ಕು ತಿಂಗಳು ಹೆಚ್ಚಾಗುತ್ತವೆ, ಅಷ್ಟೆ. ಸ್ತನದಲ್ಲೇ ಮತ್ತೆ ಬಂದದ್ದನ್ನು, ಇಲ್ಲವೇ ಇನ್ನೊಂದು ಸ್ತನದಲ್ಲಿ ಹೊಸದಾಗಿ ಹುಟ್ಟಿದ್ದನ್ನು ಬೇಗ ಹಿಡಿದರೆ ಮಾತ್ರ ಲಾಭವಿದೆ. ಮ್ಯಾಮೊಗ್ರಾಮ್ ಅದಕ್ಕೇ. (ದೊಡ್ಡ ಕರುಳಿನ ಕ್ಯಾನ್ಸರ್‌ನವರು ನನ್ನ ಮಾತು ಹಿಡಿದು ಕೂರಬೇಡಿ. ನಿಮಗೆ ಸಿಇಎ ರಕ್ತಪರೀಕ್ಷೆ, ಕೊಲೊನೋಸ್ಕೋಪಿ ಎಂದು ಲೆಕ್ಕವೇ ಬೇರೆ.)

ಹಾಗಾದರೆ ಬೆಂಗಳೂರಿಗೆ ಹೋಗಿ ಮಾಡುವುದೇನು? ಬೆಳಗಿನ ಜಾವ ಎದ್ದು, ರೈಲು ಹಿಡಿದು, ಟೋಕನ್ ತೆಗೆದುಕೊಂಡು, ಮೂರು ಗಂಟೆ ಕಾದು, ಡಾಕ್ಟರ ಮುಂದೆ ಕೂರುವುದು ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಅವರ ಕೈ ಮಾಡುವ ಕೆಲಸ ಒಂದಾದರೆ ನಮ್ಮ ಬಾಯಿ ಮಾಡಬೇಕಾದ ಕೆಲಸ ಇನ್ನೊಂದು. ನಾವು ಅದನ್ನು ಮಾಡುವುದೇ ಇಲ್ಲ. “ಹೇಗಿದ್ದೀರಮ್ಮ?” “ಆರಾಮ್ ಡಾಕ್ಟರೇ.” ಮುಗಿಯಿತು.

ನಾನೂ ಹಾಗೇ ಇದ್ದೆ. 2021ರ ಗೌರಿ ಹಬ್ಬಕ್ಕೆ ಬಳೆ ಅಂಗಡಿಗೆ ಹೋದೆ. ನಾನು ಮದುವೆಯಾದಾಗಿನಿಂದ ತೊಟ್ಟಿದ್ದು ಎರಡು ಆರರ ಅಳತೆಯ ಬಳೆ. ಅಂಗಡಿಯಾಕೆ ಬಲಗೈಗೆ ಸಲೀಸಾಗಿ ಏರಿಸಿದಳು. ಎಡಗೈಗೆ ಬಂದಾಗ ಬೆರಳುಗಳನ್ನು ಒತ್ತಿದಳು, ತಿರುಗಿಸಿದಳು, ಸೋಪು ಹಚ್ಚಿದಳು. ಒಂದು ಬಳೆ ಚಟ್ಟೆಂದು ಒಡೆಯಿತು. “ಟೀಚರಮ್ಮ, ಈ ಕೈಗೆ ಎರಡು ಎಂಟು ಬೇಕು. ಊದಿಕೊಂಡಿದೆಯಲ್ಲ, ನೋಡಿಕೊಂಡಿಲ್ಲವೇ?” ಎಂದಳು. ನೋಡಿಕೊಂಡಿರಲಿಲ್ಲ. ವಾರಗಟ್ಟಲೆ ಆ ತೋಳು ಭಾರ ಅನ್ನಿಸುತ್ತಿತ್ತು, ಸಂಜೆ ಹೊತ್ತಿಗೆ ರವಿಕೆಯ ತೋಳು ಬಿಗಿಯುತ್ತಿತ್ತು. ಕುಪ್ಪಸ ಒಗೆದು ಒಗೆದು ಕುಗ್ಗಿದೆ ಅಂದುಕೊಂಡಿದ್ದೆ!

ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆ ನೀರು ಸರಿಯಾಗಿ ಹರಿಯದೆ ಕೈ ಊದುವುದುಂಟು. ಮುಂದಿನ ಚೆಕಪ್‌ನಲ್ಲಿ ಬಳೆಯ ಕಥೆ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ, ಎರಡೂ ಕೈ ಚಾಚಿಸಿ ನೋಡಿದರು. ಫಿಸಿಯೋಥೆರಪಿಯವರು ಟೇಪು ಹಿಡಿದು ಮಣಿಕಟ್ಟಿನಿಂದ ಮೇಲಕ್ಕೆ ಅಲ್ಲಲ್ಲಿ ಅಳೆದರು. ಬಲಗೈಗಿಂತ ಎರಡೂವರೆ ಸೆಂಟಿಮೀಟರ್ ದಪ್ಪ. ತೋಳಿಗೆ ಹಾಕಿಕೊಳ್ಳುವ ಬಿಗಿಯಾದ ಉದ್ದನೆಯ ಪಟ್ಟಿ, ದಿನವೂ ಮಾಡುವ ವ್ಯಾಯಾಮ, ಬಿಗಿ ಬಳೆ ಬೇಡ, ಗಾಯವಾಗದಂತೆ ಎಚ್ಚರ. ಬೇಗ ಹೇಳಿದ್ದರಿಂದ ಅಲ್ಲಿಗೇ ನಿಂತಿತು. ಯಾವ ಸ್ಕ್ಯಾನೂ ಹೇಳದ್ದನ್ನು ಬಳೆಯವಳು ಹೇಳಿದ್ದಳು.

ಮಂಡಿ ನೋವಿನ ಕಥೆಯೂ ಅದೇ. ವಯಸ್ಸಾಯಿತು ಎಂದು ಎರಡು ವರ್ಷ ನುಂಗಿಕೊಂಡೆ. ನಾನು ದಿನವೂ ನುಂಗುವ ಆ ಲೆಟ್ರೊಜೋಲ್ ಮಾತ್ರೆ ಕೀಲುಗಳನ್ನು ನೋಯಿಸುತ್ತದೆ, ಮೂಳೆಯನ್ನು ಟೊಳ್ಳು ಮಾಡುತ್ತದೆ ಎಂಬುದು ಡಾಕ್ಟರಿಗೆ ಹೇಳಿದ ಮೇಲೆ ತಿಳಿಯಿತು. ಅದೇ ಗುಂಪಿನ ಬೇರೆ ಮಾತ್ರೆ ಕೊಟ್ಟರು, ಮೂಳೆಯ ಸಾಂದ್ರತೆ ನೋಡಿಸಿದರು. ನೋವು ಅರ್ಧಕ್ಕರ್ಧ ಇಳಿಯಿತು. ನೋವು ತಾಳಲಾರದೆ ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಟ್ಟವರನ್ನು ಆ ಬೆಂಚಿನಲ್ಲಿ ನಾನೇ ನೋಡಿದ್ದೇನೆ.

ಅದೇ ಬೆಂಚಿನಲ್ಲಿ ಈ ಸಲ ಸಿಕ್ಕವರು ಲಿಂಗಸುಗೂರು ಕಡೆಯ ಒಬ್ಬ ತಾಯಿ. ಹಿಂದಿನ ರಾತ್ರಿಯೆಲ್ಲ ಪಯಣ, ಜೊತೆಗೆ ಬಂದ ಮಗನಿಗೆ ಎರಡು ದಿನದ ಕೂಲಿ ನಷ್ಟ. ಒಳಗೆ ಹೋಗಿ ಬರುವಷ್ಟರಲ್ಲಿ ನನ್ನ ಫ್ಲಾಸ್ಕಿನ ಕಾಫಿ ಆರಿರಲಿಲ್ಲ. “ಇಷ್ಟಕ್ಕ ಇಷ್ಟು ದೂರ ಬರಬೇಕೇನ್ರೀ ಅಕ್ಕಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಸಿಟ್ಟಿತ್ತು. ಎದೆ, ಕಂಕುಳು, ಹೊಟ್ಟೆ ಮುಟ್ಟಿ ನೋಡುವ ತರಬೇತಾದ ಒಬ್ಬ ವೈದ್ಯರು ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕುಳಿತರೆ, ಮ್ಯಾಮೊಗ್ರಾಮ್ ಯಂತ್ರ ಅಲ್ಲೇ ಇದ್ದರೆ, ಸಂಶಯ ಬಂದವರು ಮಾತ್ರ ಬೆಂಗಳೂರಿಗೆ ಬಂದರೆ ಸಾಲದೇ? ನನ್ನ ಮೊಟ್ಟಮೊದಲ ಚೆಕಪ್ 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಫೋನಿನಲ್ಲೇ ಆಯಿತು. ಡಾಕ್ಟರು ದೂರದಿಂದಲೇ ರೋಗಿಯೊಡನೆ ಮಾತಾಡಿ ಸಲಹೆ ಕೊಡಬಹುದು ಎಂದು ಕೇಂದ್ರದ ಮಾರ್ಗಸೂಚಿ ಬಂದದ್ದೂ ಆ ವರ್ಷದ ಮಾರ್ಚ್‌ನಲ್ಲೇ. ಮುಟ್ಟಿ ನೋಡುವುದು ಊರ ಹತ್ತಿರ, ಮಾತು ಫೋನಿನಲ್ಲಿ. ಚಂದ್ರಲೋಕದ ಕೆಲಸವೇನಲ್ಲ.

ಅಷ್ಟಾಗುವ ತನಕ ಒಂದು ಮಾಹಿತಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗಿರುವ ರಿಯಾಯಿತಿ ಚಿಕಿತ್ಸೆಗೆ ಮಾತ್ರವಲ್ಲ, ನಂತರದ ತಪಾಸಣೆಯ ಪ್ರಯಾಣಕ್ಕೂ ಇದೆ. ಸ್ಲೀಪರ್‌ನಲ್ಲೂ ಥರ್ಡ್ ಎಸಿಯಲ್ಲೂ ರೋಗಿಗೆ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಬರುವವರಿಗೆ ಶೇ 75. ಆಸ್ಪತ್ರೆಯಲ್ಲಿ ನಮೂನೆಗೆ ಸಹಿ ಹಾಕಿಸಿಕೊಳ್ಳಬೇಕು. ಆ ತಾಯಿಗೆ ಇದು ಗೊತ್ತಿರಲಿಲ್ಲ. ನಾಲ್ಕು ವರ್ಷ ಪೂರ್ತಿ ದುಡ್ಡು ಕೊಟ್ಟು ಓಡಾಡಿದ್ದರು.

ಭಯದ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ. ಆದರೂ, ದಿನಾಂಕ ಹತ್ತಿರ ಬಂದಂತೆ ಹದಿನೈದು ದಿನ ನನಗೆ ನಿದ್ದೆ ಇಲ್ಲ. ಕೆಮ್ಮಿದರೆ ಶ್ವಾಸಕೋಶ, ಬೆನ್ನು ಹಿಡಿದರೆ ಮೂಳೆ. ನಡುರಾತ್ರಿ ಎದ್ದು ಹಾಸಿಗೆಯ ತುದಿಯಲ್ಲಿ ಕೂರುತ್ತೇನೆ. ಪಕ್ಕದಲ್ಲಿ ಯಜಮಾನರು ಗೊರಕೆ ಹೊಡೆಯುತ್ತಿರುತ್ತಾರೆ. ಪುಣ್ಯವಂತರು.

ಈಗ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಒಂದು ಚೀಟಿ ಸಿಕ್ಕಿಸಿಟ್ಟಿದ್ದೇನೆ. ಮೈಯಲ್ಲಿ ಹೊಸದೇನು ಕಂಡರೂ ತಾರೀಖು ಹಾಕಿ ಬರೆಯುತ್ತೇನೆ. ಚೆಕಪ್ ದಿನ ಅದನ್ನೇ ಡಾಕ್ಟರ ಕೈಗೆ ಕೊಡುತ್ತೇನೆ. ಮುಂದಿನ ಸಲದ ಚೀಟಿಗೆ ಮೊನ್ನೆ ಮೊದಲ ಸಾಲು ಬಿತ್ತು: “ಬಲಗಾಲಿನ ಹೆಬ್ಬೆರಳು ಜುಮ್ಮೆನ್ನುತ್ತದೆ.” ನಿನ್ನೆ ಹಾಲಿನ ಲೆಕ್ಕ ನೋಡಲು ಕ್ಯಾಲೆಂಡರ್ ಎತ್ತಿದಾಗ ಅದರ ಕೆಳಗೆ ಇನ್ನೊಂದು ಸಾಲಿತ್ತು, ಯಜಮಾನರ ಕೋಳಿಕಾಲಿನ ಅಕ್ಷರದಲ್ಲಿ: “ರಾತ್ರಿ ಎದ್ದು ಕೂರುತ್ತಾಳೆ. ಕೇಳಬೇಕು.”