ಪಾಪಕ್ಷಮೆಗೆ ಗುರುವಿನ ಕಿವಿ ಬೇಕೇ?

ಈಸ್ಟರಿಗೆ ಮೊದಲಿನ ತಪಸ್ಸುಕಾಲ ಬಂತೆಂದರೆ ಕಾಸರಗೋಡು ಜಿಲ್ಲೆಯ ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಕಥೋಲಿಕ ಚರ್ಚುಗಳಲ್ಲಿ, ಗುರುಗಳ ಅಂದರೆ ಪಾದ್ರಿಗಳ ಮುಂದೆ ಪಾಪ ಹೇಳಿಕೊಳ್ಳುವ ಕುಂಸಾರಿನ ಸಾಲು ಉದ್ದವಾಗುತ್ತದೆ. ಕೊಂಕಣಿಯಲ್ಲಿ ಕುಂಸಾರ್, ಮಲಯಾಳದಲ್ಲಿ ಕುಂಬಸಾರಂ, ಕನ್ನಡದ ಪ್ರಾರ್ಥನೆ ಪುಸ್ತಕಗಳಲ್ಲಿ ಪಾಪನಿವೇದನೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಈ ಸಾಲಿಲ್ಲ. ಕ್ಷಮಿಸುವವನು ದೇವರೇ ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಆ ಕ್ಷಮೆ ಇನ್ನೊಬ್ಬ ಮನುಷ್ಯನ ಕಿವಿಯನ್ನು ಹಾದುಬರಬೇಕೇ ಎಂಬಲ್ಲಿ ತಕರಾರು. ಪರವಾಗಿ ಒಬ್ಬ ಕಥೋಲಿಕರ ಮಾತು, ವಿರೋಧವಾಗಿ ಒಬ್ಬ ಪ್ರೊಟೆಸ್ಟಂಟರ ಮಾತು ಇಲ್ಲಿದೆ.

ಪರ: ತನ್ನ ತಲೆಗೆ ತಾನೇ ನೀರು ಹೊಯ್ದುಕೊಂಡವರಿಲ್ಲ

ಯಾವುದನ್ನು ಹೇಳಲೇಬೇಕು, ಯಾವುದನ್ನು ಹೇಳದಿದ್ದರೂ ನಡೆಯುತ್ತದೆ ಎಂಬುದು ಮೊದಲು ಗೊತ್ತಿರಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕಥೋಲಿಕ ಬೋಧನೆಯಂತೆ ಒಂದು ಪಾಪ ಮಾರಕವಾಗಬೇಕಾದರೆ ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ಮಾಡುವವನಿಗೆ ತಿಳಿದಿರಬೇಕು, ತಿಳಿದೂ ಮನಸಾರೆ ಒಪ್ಪಿ ಮಾಡಿರಬೇಕು. ಹಟ್ಟಿಯಲ್ಲಿ ದನ ಒದ್ದಾಗ ಬಾಯಿಗೆ ಬಂದ ಬೈಗುಳ ಲಘು ಪಾಪ. ಅದನ್ನು ಹೇಳಿದರೆ ಒಳ್ಳೆಯದು, ಕಡ್ಡಾಯವಿಲ್ಲ. ಪಕ್ಕದವನ ಗಡಿಕಲ್ಲನ್ನು ರಾತ್ರಿ ಕಿತ್ತು ಒಂದು ಸಾಲು ಅಡಿಕೆಮರದಾಚೆ ನೆಟ್ಟದ್ದು ಹಾಗಲ್ಲ. ಮಾರಕ ಪಾಪವಾದರೆ ಏನು ಮಾಡಿದೆ, ಎಷ್ಟು ಸಲ ಮಾಡಿದೆ ಎಂದು ಎರಡನ್ನೂ ಹೇಳಬೇಕೆಂದು 1551ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ವಿಧಿಸಿತು. ವರ್ಷಕ್ಕೊಮ್ಮೆಯಾದರೂ ಹೇಳಬೇಕೆಂಬ ನಿಯಮ 1215ರದ್ದು.

ಕ್ರಮ ಐದು ಮೆಟ್ಟಿಲಿನದು: ಆತ್ಮಶೋಧನೆ, ಪಶ್ಚಾತ್ತಾಪ, ಇನ್ನು ಮಾಡೆನೆಂಬ ಸಂಕಲ್ಪ, ನಿವೇದನೆ, ಪ್ರಾಯಶ್ಚಿತ್ತ. ಮೊದಲ ಮೂರು ಮನೆಯಲ್ಲೇ ಆಗಬೇಕಾದವು. ಸಾಲಿನಲ್ಲಿ ನಿಂತ ಮೇಲೆ ಹತ್ತು ಕಟ್ಟಳೆಗಳನ್ನು ನೆನಪಿಸಿಕೊಳ್ಳತೊಡಗಿದರೆ ಕೆಲಸ ಕೆಡುತ್ತದೆ. ಕೆಡುವ ರೀತಿಗಳೂ ಹೊಸವಲ್ಲ. ಸೊಸೆ ಬಂದು ಅತ್ತೆಯ ಪಾಪ ಒಪ್ಪಿಸುತ್ತಾಳೆ, ಅತ್ತೆ ಬಂದು ಸೊಸೆಯದ್ದು. ಇನ್ನು ಕೆಲವರು ‘ಎಲ್ಲ ಪಾಪ ಮಾಡಿದ್ದೇನೆ ಫಾದರ್’ ಎಂದು ಒಂದೇ ಉಸಿರಿಗೆ ಮುಗಿಸುತ್ತಾರೆ, ಅಂದರೆ ಏನನ್ನೂ ಹೇಳಿರುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡ ಕೇಡು, ಒಂದು ಮಾರಕ ಪಾಪವನ್ನು ನಾಚಿಕೆಯಿಂದ ಬೇಕೆಂದೇ ನುಂಗಿಕೊಳ್ಳುವುದು. ಆಗ ಹೇಳಿದ ಉಳಿದವುಗಳಿಗೂ ಕ್ಷಮೆ ಸಿಕ್ಕಂತಲ್ಲ, ಮುಂದಿನ ಸಲ ಅಲ್ಲಿಂದಲೇ ಮತ್ತೆ ಹೇಳಿಕೊಂಡು ಬರಬೇಕು. ಮರೆತದ್ದಾದರೆ ಭಯ ಬೇಡ. ಕ್ಷಮೆ ಸಿಕ್ಕಿರುತ್ತದೆ, ನೆನಪಾದಾಗ ಹೇಳಿದರಾಯಿತು.

ಗುರುಗಳು ಕೊಡುವ ಪ್ರಾಯಶ್ಚಿತ್ತ ನಾಲ್ಕು ಪ್ರಾರ್ಥನೆಯದ್ದೇ ಇರಬಹುದು, ಆದರೆ ಕದ್ದದ್ದನ್ನು ಅದು ತೀರಿಸುವುದಿಲ್ಲ. ಕದ್ದ ಅಡಿಕೆ ಅಥವಾ ಅದರ ಬೆಲೆ ಒಡೆಯನಿಗೆ ಹಿಂದೆ ಹೋಗಬೇಕು. ಒಡೆಯ ಸತ್ತಿದ್ದರೆ ವಾರಸುದಾರರಿಗೆ, ಯಾರೆಂದೇ ಗೊತ್ತಿಲ್ಲದಿದ್ದರೆ ಬಡವರಿಗೆ. ಹೆಸರು ಹೇಳಲಾಗದಿದ್ದರೆ ಬೇರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಬಹುದು. ಕೊಡಲು ಶಕ್ತಿಯಿದ್ದೂ ಮನಸ್ಸೇ ಇಲ್ಲದವನಿಗೆ ಕ್ಷಮಾವಾಕ್ಯ ಹೇಳುವಂತಿಲ್ಲ. ಸಂಕಲ್ಪವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಗುಟ್ಟಿನ ವಿಷಯದಲ್ಲಿ ಧರ್ಮಸಭೆಯ ಕಾನೂನಿಗೆ ಸಡಿಲವೇ ಇಲ್ಲ. ಕೇಳಿದ್ದನ್ನು ಗುರು ಬಾಯಿಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ ಹೊರಗೆಡಹುವಂತಿಲ್ಲ. ಹೇಳಿದವನಿಗೆ ತೊಂದರೆಯಾಗುವಂತೆ ಆ ತಿಳಿವಳಿಕೆಯನ್ನು ಬಳಸುವಂತೆಯೂ ಇಲ್ಲ. ನೇರವಾಗಿ ಬಯಲುಮಾಡಿದರೆ ಆ ಕ್ಷಣವೇ ತನ್ನಷ್ಟಕ್ಕೆ ಬಹಿಷ್ಕಾರ ಬೀಳುತ್ತದೆ. ತನ್ನ ಜೊತೆ ಲೈಂಗಿಕ ಪಾಪ ಮಾಡಿದವರಿಗೆ ಆ ಗುರುವೇ ಕ್ಷಮೆ ಕೊಟ್ಟರೆ, ಸಾವಿನ ಅಪಾಯದ ಸಂದರ್ಭ ಬಿಟ್ಟು, ಅದು ಅಸಿಂಧು. ನಾಲ್ಕೈದು ಭಾಷೆಯ ನಮ್ಮ ಊರಿಗೆ ಹೊಂದುವ ಒಂದು ನಿಯಮವೂ ಇದೆ: ಭಾಷೆ ಬಾರದವರು ದುಭಾಷಿಯ ಮೂಲಕ ಹೇಳಬಹುದು, ಗುಟ್ಟಿನ ಕಟ್ಟು ದುಭಾಷಿಗೂ ಉಂಟು. ಕಾಸರಗೋಡಿನ ಉತ್ತರ ಭಾಗದ ಈ ಚರ್ಚುಗಳು 1956ರಲ್ಲಿ ರಾಜ್ಯ ಬದಲಾದರೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಆದ್ದರಿಂದ ಕೊಂಕಣಿ, ಕನ್ನಡ ಬಲ್ಲ ಗುರುಗಳು ಇಲ್ಲಿ ಅಪರೂಪವಲ್ಲ. ತಲಶ್ಶೇರಿ ಕಡೆಯ ಸಿರೋ ಮಲಬಾರ್ (ಬೇರೆ ವಿಧಿಯ ಕಥೋಲಿಕ) ಗುರುಗಳ ಬಳಿ ಹೇಳಿದರೂ ಅಷ್ಟೇ ಸಿಂಧು.

ಇನ್ನು, ಮನುಷ್ಯನ ಮುಂದೆ ಯಾಕೆ? ಪುನರುತ್ಥಾನದ ಸಂಜೆ ಯೇಸುಸ್ವಾಮಿ ಶಿಷ್ಯರ ಮೇಲೆ ಉಸಿರೂದಿ, ಯಾರ ಪಾಪಗಳನ್ನು ನೀವು ಕ್ಷಮಿಸುತ್ತೀರೋ ಅವರಿಗೆ ಕ್ಷಮೆಯುಂಟು, ಯಾರದನ್ನು ಉಳಿಸುತ್ತೀರೋ ಅವರಿಗೆ ಉಳಿಯುತ್ತದೆ ಎಂದದ್ದು ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯದಲ್ಲಿದೆ. ಕ್ಷಮಿಸಬೇಕೋ ಉಳಿಸಬೇಕೋ ಎಂದು ತೀರ್ಮಾನಿಸುವವನಿಗೆ ಪಾಪವೇನೆಂದು ಗೊತ್ತಾಗದೆ ಹೇಗೆ ನಡೆದೀತು? ಕೃಪೆ ನಮ್ಮ ಸಂಪಾದನೆಯಲ್ಲ ಎನ್ನುತ್ತೇವಲ್ಲ, ಹಾಗಿದ್ದರೆ ಅದು ಹೊರಗಿನಿಂದಲೇ ಬರಬೇಕು. ದೀಕ್ಷಾಸ್ನಾನದ ನೀರನ್ನು ಯಾರೂ ತನ್ನ ತಲೆಗೆ ತಾನೇ ಹೊಯ್ದುಕೊಳ್ಳುವುದಿಲ್ಲ. ಕ್ಷಮೆಯೂ ಹಾಗೆಯೇ. ಮನಸ್ಸಿನೊಳಗೇ ವಿಚಾರಣೆ ನಡೆಸಿದರೆ ಆರೋಪಿಯೂ ನಾನೇ, ವಕೀಲನೂ ನಾನೇ, ತೀರ್ಪೂ ನನ್ನದೇ. ಒಂದೋ ಸುಲಭದಲ್ಲಿ ಬಿಟ್ಟುಬಿಡುತ್ತೇನೆ, ಇಲ್ಲವೇ ಇಪ್ಪತ್ತು ವರ್ಷ ಕೊರಗುತ್ತೇನೆ. ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪೂರ್ಣ ಪಶ್ಚಾತ್ತಾಪ, ಮುಂದೆ ನಿವೇದಿಸುವ ಸಂಕಲ್ಪದೊಂದಿಗೆ ಇದ್ದರೆ, ಗುರು ಸಿಗದ ಹೊತ್ತಿನಲ್ಲೂ ಮಾರಕ ಪಾಪ ಕ್ಷಮಿಸಲ್ಪಡುತ್ತದೆ ಎಂದು ಧರ್ಮಸಭೆಯೇ ಕಲಿಸುತ್ತದೆ. ಆದರೆ ನನ್ನದು ಪ್ರೀತಿಯೋ ನರಕದ ಹೆದರಿಕೆಯೋ ಎಂದು ಅಳೆದು ಹೇಳುವ ಧೈರ್ಯ ಎಷ್ಟು ಜನರಿಗಿದೆ?

ವಿರೋಧ: ಹರಿದ ತೆರೆಯ ಜಾಗದಲ್ಲಿ ಜಾಲರಿ

ಒಬ್ಬರ ಮುಂದೆ ಹೇಳಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿರಿ ಎಂದು ಯಾಕೋಬನ ಪತ್ರಿಕೆಯೇ ಹೇಳುತ್ತದೆ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರನ ಕಡೆಯವರು 1530ರ ಔಗ್ಸ್‌ಬರ್ಗ್ ವಿಶ್ವಾಸದ ಅರಿಕೆಯಲ್ಲಿ ಖಾಸಗಿ ಪಾಪನಿವೇದನೆಯನ್ನು ಉಳಿಸಿಕೊಂಡರು, ಎಲ್ಲ ಪಾಪಗಳನ್ನೂ ಎಣಿಸಿ ಹೇಳಬೇಕೆಂಬ ಕಡ್ಡಾಯವನ್ನು ಮಾತ್ರ ಬಿಟ್ಟರು. ನನ್ನ ಜಗಳವೂ ಆ ಕಡ್ಡಾಯದ ಜೊತೆ.

ಇದು ಆದಿಯಿಂದ ಬಂದ ಕ್ರಮ ಎನ್ನುವುದು ಪೂರ್ತಿ ಸರಿಯಲ್ಲ. ಮೊದಲ ಶತಮಾನಗಳಲ್ಲಿ ದೊಡ್ಡ ಪಾಪಗಳಿಗೆ ಇದ್ದದ್ದು ಸಭೆಯ ಎದುರಿನ ದೀರ್ಘ ಪ್ರಾಯಶ್ಚಿತ್ತ. ಗುಟ್ಟಾಗಿ, ಮತ್ತೆ ಮತ್ತೆ ಹೇಳುವ ಪದ್ಧತಿಯನ್ನು ಹರಡಿದವರು ಐರ್ಲೆಂಡಿನ ಸನ್ಯಾಸಿಗಳು. ‘ನಾನು ಕ್ಷಮಿಸುತ್ತೇನೆ’ ಎಂಬ ವಾಕ್ಯ ಪಶ್ಚಿಮದಲ್ಲಿ ಗಟ್ಟಿಯಾದದ್ದು ಹದಿಮೂರನೆಯ ಶತಮಾನದ ಹೊತ್ತಿಗೆ. ಅದಕ್ಕೆ ಮೊದಲು ‘ದೇವರು ನಿನ್ನನ್ನು ಕ್ಷಮಿಸಲಿ’ ಎಂಬ ಪ್ರಾರ್ಥನೆಯೇ ರೂಢಿ. ಜಾಲರಿಯಿಟ್ಟ ಮರದ ಗೂಡು ಇನ್ನೂ ಈಚಿನದು, ಹದಿನಾರನೆಯ ಶತಮಾನದ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊನ ಕಾಲದ್ದು. ಕ್ರಿಸ್ತನು ಪ್ರಾಣಬಿಟ್ಟಾಗ, ದೇವರ ಸನ್ನಿಧಿಯನ್ನು ಜನರಿಂದ ಮರೆಮಾಡಿದ್ದ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತು. ಹರಿದ ತೆರೆಯ ಜಾಗದಲ್ಲಿ ಜಾಲರಿಯೊಂದನ್ನು ಕಟ್ಟುವ ಅಗತ್ಯವೇನಿತ್ತು?

ಅವರು ಯೊವಾನ್ನ ಎನ್ನುವ ಯೋಹಾನನ 20ನೇ ಅಧ್ಯಾಯದ ಮಾತು ನನಗೂ ದೇವರ ಮಾತೇ. ಆದರೆ ಕ್ಷಮಿಸುವ ಅಧಿಕಾರ ಕೊಟ್ಟದ್ದರಿಂದ ಪಟ್ಟಿ ಒಪ್ಪಿಸಲೇಬೇಕು ಎಂದಾಗುವುದಿಲ್ಲ. ಯೇಸು ಹೇಳಿದ ಕಥೆಯಲ್ಲಿ ಎದೆ ಬಡಿದುಕೊಂಡ ಸುಂಕದವನು ಪಟ್ಟಿ ಹೇಳಲಿಲ್ಲ, ‘ಪಾಪಿಯಾದ ನನ್ನನ್ನು ಕರುಣಿಸು’ ಎಂದ. ನೀತಿವಂತನೆನಿಸಿಕೊಂಡು ಮನೆಗೆ ಹೋದ. ಲೂಥರನ 1517ರ 95 ಪ್ರತಿಪಾದನೆಗಳಲ್ಲಿ ಮೊದಲನೆಯದೇ ಈ ಬಗ್ಗೆ: ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪ. ಲ್ಯಾಟಿನ್ ಬೈಬಲಿನಲ್ಲಿ ಯೇಸುವಿನ ಕರೆಯ ಮಾತನ್ನು ‘ಪ್ರಾಯಶ್ಚಿತ್ತ ಮಾಡಿರಿ’ ಎಂದು ಓದಿ ಒಂದು ಸಂಸ್ಕಾರಕ್ಕೆ ಕಟ್ಟಿಹಾಕಿದ್ದಕ್ಕೆ ಅವನ ಆಕ್ಷೇಪ. ನಮ್ಮ ಹಳೆಯ ಕನ್ನಡ ಬೈಬಲು ಇಲ್ಲಿ ಪುಣ್ಯಮಾಡಿದೆ, ಅದರ ಮಾತು ‘ದೇವರ ಕಡೆಗೆ ತಿರುಗಿಕೊಳ್ಳಿರಿ’. ತಿರುಗುವುದಕ್ಕೆ ಲೆಕ್ಕಪುಸ್ತಕ ಬೇಡ.

ಲೆಕ್ಕದ ಅಪಾಯ ನಮ್ಮ ಕರಾವಳಿಯಲ್ಲಿ ಇನ್ನೂ ಹೆಚ್ಚು. ದೈವಕ್ಕೆ ತಪ್ಪಿದರೆ ತಪ್ಪುಕಾಣಿಕೆ ಕಟ್ಟಿ ಋಣ ಹರಿಸಿಕೊಳ್ಳುವುದನ್ನು ಕಂಡೇ ಬೆಳೆದ ಮನಸ್ಸು ನಮ್ಮದು. ಅಂಥ ಕಿವಿಗೆ ‘ಮೂರು ಪ್ರಾರ್ಥನೆ ಹೇಳಿ’ ಎಂದರೆ ಅದು ದಂಡದಂತೆಯೇ ಕೇಳುತ್ತದೆ, ಬೋಧನೆ ಏನೇ ಇರಲಿ. ಕೃಪೆ ಎಂದರೆ ಕಾಣಿಕೆ ಕಟ್ಟುವ ಮೊದಲೇ ಋಣ ತೀರಿದೆ ಎಂಬ ಸುದ್ದಿ. 1999ರ ಅಕ್ಟೋಬರ್ 31ರಂದು ಲೂಥರನ್ ಲೋಕ ಒಕ್ಕೂಟದ ಜೊತೆ ಕಥೋಲಿಕ ಸಭೆಯೂ ಇದಕ್ಕೆ ಸಹಿ ಹಾಕಿದೆ: ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ. ಅಷ್ಟು ಒಪ್ಪಿದ ಮೇಲೂ, ನುಂಗಿಕೊಂಡ ಒಂದು ಪಾಪಕ್ಕೆ ಇಡೀ ನಿವೇದನೆ ಕೆಟ್ಟಿತು ಎಂದರೆ ಅಳುಕಿನ ಮನಸ್ಸಿನವರು ನಿದ್ದೆಗೆಡುತ್ತಾರೆ. ಹೇಳಿದೆನೋ ಇಲ್ಲವೋ, ಐದು ಸಲವೋ ಆರೋ ಎಂಬ ಗೀಳಿಗೆ ಕಥೋಲಿಕರ ಕಡೆಯಲ್ಲೇ ಬೇರೆ ಹೆಸರು, ಬೇರೆ ಉಪಚಾರ ಬೇಕಾಗಿದೆ.

ಪಟ್ಟಿಗೆ ಸಿಗದ ಪಾಪಗಳೂ ಇವೆ. ಎಣ್ಮಕಜೆಯ ಪಡ್ರೆಯಂಥ ಊರುಗಳ ಗೇರುಗುಡ್ಡಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಆದೇಶ ಬರೆದವರು, ಸಹಿ ಹಾಕಿದವರು, ಕಂಡೂ ಸುಮ್ಮನಿದ್ದವರು, ಇವರಲ್ಲಿ ಯಾರು ಯಾವ ಗೂಡಿನಲ್ಲಿ ಎಷ್ಟು ಸಲ ಎಂದು ಹೇಳಬೇಕು? ಪೌಲನು ಪಾಪವನ್ನು ಬಿಡಿಬಿಡಿ ತಪ್ಪೆಂದಷ್ಟೇ ಕಾಣಲಿಲ್ಲ, ಮನುಷ್ಯರನ್ನು ಆಳುವ ಒಡೆತನವೆಂದೂ ಕಂಡ.

ಅಧಿಕಾರದ ಮಾತೂ ಇದೆ. ಪಾಪನಿವೇದನೆಯ ಗುಟ್ಟನ್ನು ಹಿಡಿದು ಹೆಂಗಸೊಬ್ಬಳನ್ನು ಬೆದರಿಸಿದರೆಂಬ ಆರೋಪ ಕೇರಳದ ಆರ್ಥೊಡಾಕ್ಸ್ ಪಾದ್ರಿಗಳ ಮೇಲೆ ಬಂದಾಗ, 2018ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿಯನ್ನೇ ರದ್ದುಮಾಡಲು ಶಿಫಾರಸು ಮಾಡಿತು. ಸರ್ಕಾರ ಇದರಲ್ಲಿ ಕೈಹಾಕುವುದು ನನಗೂ ಒಪ್ಪಿಗೆಯಿಲ್ಲ, ಆ ಪ್ರಕರಣ ಕಥೋಲಿಕರದ್ದೂ ಅಲ್ಲ. ಆದರೂ ಒಬ್ಬ ಹೇಳಲೇಬೇಕು, ಇನ್ನೊಬ್ಬ ಕೇಳಿಸಿಕೊಂಡು ಎದ್ದುಹೋಗಬಹುದು ಎಂಬ ಏರ್ಪಾಡಿನಲ್ಲಿ ತಕ್ಕಡಿ ಒಂದು ಕಡೆಗೇ ತೂಗುತ್ತದೆ. ಬಹಿಷ್ಕಾರ ಬೀಳುವುದು ಗುಟ್ಟು ಒಡೆದ ಮೇಲೆ.

ನಮ್ಮ ಸಭೆಗಳಲ್ಲಿ ಎಲ್ಲವೂ ನೆಟ್ಟಗಿದೆ ಎನ್ನಲಾರೆ. ಕರ್ತನ ಭೋಜನಕ್ಕೆ ಮೊದಲು ಸಾಮೂಹಿಕ ಅರಿಕೆ ಓದಿ, ಮೌನವೆಂದು ಹೇಳಿ, ಯಾರೋ ಕೆಮ್ಮುವಷ್ಟರಲ್ಲಿ ಕ್ಷಮಾವಚನ ಬಂದುಬಿಡುತ್ತದೆ. ಅಷ್ಟು ಹೊತ್ತಿನಲ್ಲಿ ಯಾರಿಗೆ ಯಾವ ಪಾಪ ನೆನಪಾದೀತು? ಇಲ್ಲಿ ಕಥೋಲಿಕರ ಆತ್ಮಶೋಧನೆಯಿಂದ ನಾವು ಕಲಿಯಬೇಕು. ಆದರೆ ಆ ಗಡಿಕಲ್ಲಿನವನ ವಿಷಯದಲ್ಲಿ ದಾರಿ ಬೇರೆ. ಸಹೋದರನಿಗೆ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿ ಹೋಗು ಎಂದು ಮತ್ತಾಯ 5ರಲ್ಲಿದೆ. ಬೈಬಲಿನ ಸುಂಕದ ಅಧಿಕಾರಿ ಜಕ್ಕಾಯನು, ಮೋಸದಿಂದ ಪಡೆದದ್ದಿದ್ದರೆ ನಾಲ್ಕುಪಟ್ಟು ಕೊಡುತ್ತೇನೆಂದದ್ದು ಗುಟ್ಟಾಗಿ ಅಲ್ಲ, ಎದ್ದು ನಿಂತು. ಕಲ್ಲು ಸರಿಸಿದವನು ಹೆಸರು ಮುಚ್ಚಿಟ್ಟು ಬೆಲೆ ಕಳಿಸಿದರೆ ಪಕ್ಕದವನಿಗೆ ದುಡ್ಡು ಸಿಕ್ಕೀತು. ಕಲ್ಲು ಎಲ್ಲಿತ್ತು ಎಂದು ತೋರಿಸಲು ಅವನೇ ತೋಟಕ್ಕೆ ಬರಬೇಕು.