ಮರೆವಿಗೆ ಮನೆಯವಳೇ ಸಾಕ್ಷಿ

ಹೃದಯ ಮತ್ತು ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವೊಂದಕ್ಕೆ ಹೆಸರು ಕೊಟ್ಟಾಗ, ನಾನು ಕೊಡಬೇಕಾದದ್ದು ಒಂದಿಷ್ಟು ರಕ್ತ ಮಾತ್ರ ಎಂದು ತಿಳಿದಿದ್ದೆ. ಮಾನವನ್ನೂ ಕಂತಿನಲ್ಲಿ ಕೊಡಬೇಕಾಗುತ್ತದೆ ಎಂಬ ಮಾತು ಸಮ್ಮತಿಪತ್ರದ ಯಾವ ಪುಟದಲ್ಲಿಯೂ ಇರಲಿಲ್ಲ.

ಕೊಪ್ಪಳದ ನಮ್ಮ ಓಣಿಗೆ ಬಂದ ತಂಡದ ಹುಡುಗಿ ಬಹಳ ತಾಳ್ಮೆಯಿಂದ ವಿವರಿಸಿದಳು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಇಂಥದೇ ಅಧ್ಯಯನ ಆರಂಭವಾಗಿ, 5,209 ಮಂದಿಯನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಹೋದದ್ದರಿಂದಲೇ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳು ಹೃದಯಕ್ಕೆ ಕುತ್ತು ಎಂಬುದು ಗಟ್ಟಿಯಾಯಿತಂತೆ. ಮುಂದೆ ಅವರ ಮಕ್ಕಳು 1971ರಲ್ಲಿ, ಮೊಮ್ಮಕ್ಕಳು 2002ರಲ್ಲಿ ಸೇರಿಕೊಂಡರಂತೆ. ನಮ್ಮ ಕಡೆ ಅಜ್ಜನಿಂದ ಮೊಮ್ಮಗನವರೆಗೆ ಹೀಗೆ ಬಿಡದೆ ನಡೆದು ಬರುವುದು ಹೊಲದ ಬದುವಿನ ವ್ಯಾಜ್ಯವೊಂದೇ.

ಮೊದಲ ತೊಡಕು ಆಹಾರದ ಪ್ರಶ್ನೆಯಲ್ಲಿ ಬಂತು. ಕಳೆದ ತಿಂಗಳು ಕರಿದ ತಿಂಡಿಯನ್ನು ಎಷ್ಟು ಸಲ ತಿಂದಿರಿ ಎಂದು ಕೇಳಿದಾಗ ಗವಿಮಠದ ಜಾತ್ರೆ ಮುಗಿದು ವಾರವಷ್ಟೇ ಆಗಿತ್ತು. ದಾಸೋಹದಲ್ಲಿ ತಿಂದ ಮಿರ್ಚಿ ಪ್ರಸಾದವೇ ಹೊರತು ಕರಿದ ತಿಂಡಿಯಲ್ಲ ಎಂದು ವಾದಿಸಿದೆ. ಪ್ರಸಾದಕ್ಕೆ ಅವಳ ಹಾಳೆಯಲ್ಲಿ ಬೇರೆ ಕಾಲಂ ಇರಲಿಲ್ಲ.

ಆಮೇಲೆ ಎಡತೋಳಿಗೆ ಪಟ್ಟಿ ಸುತ್ತಿ, ಸೊಂಟಕ್ಕೆ ಯಂತ್ರ ಕಟ್ಟಿ, ಇಪ್ಪತ್ನಾಲ್ಕು ಗಂಟೆ ರಕ್ತದೊತ್ತಡ ಅಳೆಯುವುದಾಗಿ ಹೇಳಿ ಕಳಿಸಿದರು. ಹಗಲಿನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಪಟ್ಟಿ ಗುರ್ರೆಂದು ಉಬ್ಬುತ್ತದೆ. ಆಗ ಕೈಯನ್ನು ಅಲುಗಿಸಬಾರದು, ಮಾತನಾಡಬಾರದು, ಆ ಹೊತ್ತಿಗೆ ಏನು ಮಾಡುತ್ತಿದ್ದೆವೆಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಗೆಳೆಯನೊಡನೆ ಒಗ್ಗರಣೆ ತಿನ್ನುತ್ತ, ಮಗಳ ಮನೆಯ ಸುದ್ದಿಯನ್ನು ಅರ್ಧಕ್ಕೆ ತಂದಿದ್ದೆ. ಪಟ್ಟಿ ಉಬ್ಬಿತು. ನಾನು ನಿಯಮದಂತೆ ಬಾಯಿ ಮುಚ್ಚಿ, ಎಡಗೈಯನ್ನು ಸಡಿಲ ಬಿಟ್ಟು ಕಲ್ಲಿನಂತೆ ಕುಳಿತೆ.

"ಮಾತು ನಿಂತೈತಿ, ಕೈ ಜೋತು ಬಿದ್ದೈತಿ, ಲಕ್ವಾ ಹೊಡದೈತಿ!" ಎಂದು ಗೆಳೆಯ ಚೀರಿದ. ಹಾಗಲ್ಲವೆಂದು ಹೇಳೋಣವೆಂದರೆ ಮಾತನಾಡುವಂತಿಲ್ಲ. ಗಲ್ಲೆಯ ಮೇಲಿದ್ದ ಮಾಲೀಕರೇ ಓಡಿಬಂದು ಒಂದು ಜಗ್ಗು ನೀರನ್ನು ನನ್ನ ತಲೆಗೆ ಸುರಿದರು. ಪುಸ್ತಕದಲ್ಲಿ ನಾನು ಪ್ರಾಮಾಣಿಕವಾಗಿ ಬರೆದೆ: "10.40: ನೀರು ಹೊಯ್ಯಿಸಿಕೊಳ್ಳುತ್ತಿದ್ದೆ."

ಮರುದಿನ ಮಿದುಳಿನ ಸರದಿ. ಮಾವು, ಕುರ್ಚಿ, ನಾಣ್ಯ ಎಂಬ ಮೂರು ಪದಗಳನ್ನು ನೆನಪಿನಲ್ಲಿಡಲು ಹೇಳಿ, ನೂರರಿಂದ ಏಳೇಳು ಕಳೆಯುತ್ತ ಬರಲು ಸೂಚಿಸಿದರು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ನಗದು ಕೌಂಟರಿನಲ್ಲಿ ಕುಳಿತು ಬಂದವನು ನಾನು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತರವರೆಗೆ ಠೀವಿಯಿಂದ ಇಳಿದು, ಅನಂತರ ಎಪ್ಪತ್ತಮೂರೆಂದೆ. ಮೂರು ಪದಗಳನ್ನು ಕೇಳಿದಾಗ ಮಾವು, ಕುರ್ಚಿ, ಮಿರ್ಚಿ ಎಂದೆ.

ಉಳಿದದ್ದು ಮನೆಯವರ ಹೇಳಿಕೆ. ಇವಳನ್ನು ಎದುರಿಗೆ ಕೂಡಿಸಿಕೊಂಡ ಆ ಹುಡುಗಿ, "ಹತ್ತು ವರ್ಷದ ಹಿಂದಕ್ಕೆ ಹೋಲಿಸಿದ್ರ, ಇಟ್ಟ ವಸ್ತು ಎಲ್ಲೈತಿ ಅಂತ ನೆನಪಿಡೋದು ಇವರಿಗೆ ಈಗ ಹೆಂಗೈತ್ರಿ ಅಮ್ಮಾ?" ಎಂದಳು. ತೆರೆಯ ಆಚೆ ಕುಳಿತ ನಾನು ಕಣ್ಣು ಮುಚ್ಚಿಕೊಂಡೆ.

"ಹತ್ತು ವರ್ಷದ ಹಿಂದನೂ ಚಸ್ಮಾ ತಲಿ ಮ್ಯಾಲೆ ಇಟಗೊಂಡು ಮನಿಯೆಲ್ಲಾ ಹುಡುಕತಿದ್ರವ್ವ, ಈಗೂ ಹಂಗ."

ನೆಂಟರ ಹೆಸರು? ಮದುವೆಯ ಮರುದಿನವೇ ನನ್ನ ಮಾವನವರನ್ನು ಕಾಕಾ ಎಂದು ಕರೆದಿದ್ದೆನಂತೆ, ಈಗಲೂ ಹಾಗೆಯೇ. ಸಂತೆಯ ಸಾಮಾನು? ಮೆಂತ್ಯದ ಪಲ್ಲೆ ತರಲು ಕಳಿಸಿದರೆ ಅಂದೂ ಕೊತ್ತಂಬರಿ, ಇಂದೂ ಕೊತ್ತಂಬರಿ. ಅರ್ಧ ಗಂಟೆಯವರೆಗೆ ಮೂವತ್ತೈದು ವರ್ಷಗಳ ದೂರುಗಳನ್ನು ದಾಖಲೆಸಹಿತ ಮಂಡಿಸಿದಳು.

ಅಧ್ಯಯನ ಹುಡುಕುತ್ತಿದ್ದದ್ದು ದಡ್ಡತನವನ್ನಲ್ಲ, ಇಳಿಮುಖವಾದ ಬದಲಾವಣೆಯನ್ನು. ಹೀಗಾಗಿ ಹುಡುಗಿ ಸಾಲು ಸಾಲಿಗೂ "ಬದಲಾವಣೆ ಏನಿಲ್ಲ" ಎಂಬಲ್ಲಿ ಗುರುತು ಹಾಕುತ್ತ ಹೋಗಿದ್ದಳು. ಹೆಂಡತಿಯ ದೂರೇ ನನಗೆ ಯೋಗ್ಯತಾಪತ್ರವಾಗಿ ಒದಗಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಎರಡು ವರ್ಷ ಬಿಟ್ಟು ಮತ್ತೆ ಬರಬೇಕೆಂಬ ಚೀಟಿ ಹಿಡಿದು, ಎದೆಯುಬ್ಬಿಸಿಕೊಂಡು ಇವಳೊಡನೆ ಮನೆಯ ತನಕ ನಡೆದು ಬಂದ ಮೇಲೆ, ಸ್ಕೂಟರು ಅಲ್ಲಿಯೇ ಉಳಿದದ್ದು ಹೊಳೆಯಿತು. ತಿರುಗಿ ಹೋದರೆ ಹುಡುಗಿ ನನ್ನ ಚಸ್ಮಾ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದಳು. ಜೊತೆಗೇ ಬಂದಿದ್ದ ಇವಳು ಅದನ್ನು ಈಸಿಕೊಳ್ಳುತ್ತ, "ಇದನ್ನೂ ಅದರಾಗ ಬರಕೋ ತಂಗಿ, ಬದಲಾವಣಿ ಏನಿಲ್ಲ" ಎಂದಳು.